ಅಕ್ಕ ಪಾಠಕ್ಕೆ ಒಯ್ದ ಮಣ್ಣಹೆಂಟೆ

ನಾನು ಚಿಕ್ಕವನಿದ್ದಾಗ ನಮ್ಮೂರ ಕೆರೆಗೆ ವರ್ಷಕ್ಕೆ ಎರಡು ವೇಷ. ಮಳೆಗಾಲ ಮುಗಿಯುವ ಹೊತ್ತಿಗೆ ಏರಿಯ ಅಂಚಿನವರೆಗೂ ನೀರು ತುಂಬಿ, ಗಾಳಿ ಬೀಸಿದರೆ ಸಣ್ಣ ಸಣ್ಣ ಅಲೆಗಳು ಬಂದು ಕಲ್ಲಿಗೆ ಬಡಿಯುತ್ತಿದ್ದವು. ಶಿವರಾತ್ರಿ ಕಳೆಯಿತೆಂದರೆ ಅದೇ ಕೆರೆ ಒಣಗಿ, ಬಿರುಕು ಬಿಟ್ಟು, ನಮ್ಮಂಥ ಹುಡುಗರಿಗೆ ಚಿನ್ನಿದಾಂಡು ಆಡುವ ಬಯಲಾಗುತ್ತಿತ್ತು. ಕೊಕ್ಕರೆ ನಿಂತಿದ್ದ ಜಾಗದಲ್ಲಿ ಮೇಕೆಗಳು ನಿಂತಿರುತ್ತಿದ್ದವು. ನಮಗೆ ಅದೇನೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಕೆರೆ ಎಂದರೆ ಹಾಗೇ ಅಂದುಕೊಂಡಿದ್ದೆವು.

ಮಕ್ಕಳೇ, ನಾನು ಹೇಳಹೊರಟಿರುವುದು ನನ್ನ ಅಕ್ಕನ ವಿಷಯ. ಅಕ್ಕ ನನಗಿಂತ ತುಂಬ ದೊಡ್ಡವಳು. ನಾನಿನ್ನೂ ಮೂಗು ಒರೆಸಿಕೊಳ್ಳಲು ಬಾರದ ವಯಸ್ಸಿನಲ್ಲಿರುವಾಗಲೇ ಅವಳು ಅರಸೀಕೆರೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಟೀಚರ್ ಟ್ರೈನಿಂಗಿಗೆ ಹೋಗುತ್ತಿದ್ದಳು. ಟೀಚರ್ ಆಗಬೇಕೆಂಬ ಹುಚ್ಚು ಅವಳಿಗೆ ಎಂದಿನದೋ. ಚಿಕ್ಕಂದಿನಲ್ಲಿ ಕೊಟ್ಟಿಗೆಯ ಕರುಗಳನ್ನು ಸಾಲಾಗಿ ಕಟ್ಟಿ ಹಾಜರಿ ಕೂಗುತ್ತಿದ್ದಳಂತೆ. ಕರುಗಳು ಅಂಬಾ ಎಂದರೆ ಹಾಜರು, ಸುಮ್ಮನಿದ್ದರೆ ಗೈರುಹಾಜರು.

ಆ ವರ್ಷ ಟ್ರೈನಿಂಗಿನ ಕೊನೆಯ ಪರೀಕ್ಷೆ ಬಂದಿತ್ತು. ಬಾಣಾವರದ ಒಂದು ಶಾಲೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರ ಎದುರಿಗೆ, ಅಕ್ಕ ಒಂದು ಪಾಠ ಮಾಡಿ ತೋರಿಸಬೇಕು. ಅದರಲ್ಲಿ ಪಾಸಾದರೆ ಟೀಚರ್. ಆಗದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಆ ಇನ್ನೊಂದು ವರ್ಷಕ್ಕೆ ನಮ್ಮ ಅಜ್ಜಿ ಒಪ್ಪುವ ಮಾತೇ ಇರಲಿಲ್ಲ. ಹೆಣ್ಣುಮಗಳನ್ನು ಓದಲು ಊರು ಬಿಟ್ಟು ಕಳಿಸಿದ್ದಕ್ಕೇ ಅಜ್ಜಿ ಅಪ್ಪನ ಮೇಲೆ ಮುನಿಸಿಕೊಂಡಿದ್ದಳು. 'ಇದೊಂದು ಮುಗೀಲಿ, ಆಮೇಲೆ ನೀನು ಹೇಳಿದಂಗೇ ಆಗಲಿ' ಎಂದು ಅಪ್ಪ ಮಾತು ಕೊಟ್ಟಿದ್ದರು. ಅಜ್ಜಿ ಹೇಳುವುದೆಂದರೆ ಮದುವೆ. ಗಂಡಿನ ಕಡೆಯವರ ಊರು, ತೋಟ, ಎತ್ತಿನ ಜೋಡಿ ಎಲ್ಲವನ್ನೂ ಅಜ್ಜಿ ಆಗಲೇ ವಿಚಾರಿಸಿಟ್ಟಿದ್ದಳು.

ಪಾಠದ ವಿಷಯ ಹೀಗಿತ್ತು: 'ಪ್ರಾಣಿಗಳು ತಾವಿರುವ ಜಾಗಕ್ಕೆ ಹೇಗೆ ಹೊಂದಿಕೊಳ್ಳುತ್ತವೆ'. ಅಕ್ಕ ಎರಡು ದೊಡ್ಡ ಚಿತ್ರಪಟ ಬರೆದುಕೊಂಡು ಊರಿಗೆ ಬಂದಿದ್ದಳು. ಒಂದರಲ್ಲಿ ಮರಳುಗಾಡಿನ ಒಂಟೆ. ಇನ್ನೊಂದರಲ್ಲಿ ಮಂಜಿನ ಸೀಮೆಯ ಬಿಳಿ ಕರಡಿ. ಅಕ್ಕನ ಕೈ ಅಕ್ಷರಕ್ಕೆ ಚೆನ್ನಾಗಿತ್ತು, ಚಿತ್ರಕ್ಕೆ ಅಷ್ಟಕ್ಕಷ್ಟೆ. ಒಂಟೆ ಎಂದರೆ ನಮ್ಮ ಹಸುವಿಗೇ ಬೆನ್ನು ಬಾತುಕೊಂಡ ಹಾಗಿತ್ತು. ಬಿಳಿ ಹಾಳೆಯ ಮೇಲಿನ ಬಿಳಿ ಕರಡಿಯಲ್ಲಿ ಕಣ್ಣು, ಮೂಗು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಪಾಠದ ಹಿಂದಿನ ದಿನ ಬೆಳಿಗ್ಗೆ ಅಕ್ಕ ನನ್ನನ್ನು ಜಗುಲಿಯ ಮೇಲೆ ಕೂರಿಸಿ, ಚಿತ್ರಪಟಗಳನ್ನು ಗೋಡೆಯ ಮೊಳೆಗೆ ನೇತುಹಾಕಿದಳು. ಸೆರಗು ಸಿಕ್ಕಿಸಿಕೊಂಡು, ಗಂಟಲು ಸರಿಮಾಡಿಕೊಂಡು, 'ಮಕ್ಕಳೇ, ಎಲ್ಲರೂ ಇತ್ತ ಗಮನ ಕೊಡಿ' ಎಂದಳು. ನಾನು ಹಿಂದೆ ತಿರುಗಿ ನೋಡಿದೆ. ಅಲ್ಲಿ ಒಂದು ಕೋಳಿ ಮಾತ್ರ ಇತ್ತು.

ಒಂಟೆ ಮರಳುಗಾಡಿಗೆ ಹೊಂದಿಕೊಂಡಿದೆ, ಬಿಳಿ ಕರಡಿ ಮಂಜಿಗೆ ಹೊಂದಿಕೊಂಡಿದೆ ಎಂದು ಅಕ್ಕ ಹೇಳಿಕೊಟ್ಟಳು. ನಾನು ಗಿಳಿಯಂತೆ ಒಪ್ಪಿಸಿದೆ. ಅವಳಿಗೆ ಖುಷಿಯಾಯಿತು. 'ಹೊಂದಿಕೊಳ್ಳುವುದು ಅಂದರೆ ಏನು?' ಎಂದು ಕೇಳಿದಳು.

'ಅಜ್ಜಿ ಜೊತೆ ಅವ್ವ ಹೊಂದ್ಕಂಡವ್ಳಲ್ಲ, ಹಂಗೆ' ಎಂದೆ.

ಒಳಗೆ ಅಡುಗೆಮನೆಯಲ್ಲಿ ಅವ್ವನ ಪಾತ್ರೆಯ ಸದ್ದು ಗಕ್ಕನೆ ನಿಂತಿತು. ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನನಗೆ ಹುರುಪು ಬಂತು. ಒಂಟೆಗೆ ಲಾಳ ಹೊಡೆಯುತ್ತಾರಾ, ಅದು ರಾಗಿಹುಲ್ಲು ತಿನ್ನುತ್ತದಾ, ಬಿಳಿ ಕರಡಿಗೆ ಕೆಸರು ಮೆತ್ತಿದರೆ ಅದು ಯಾವ ಕರಡಿ ಎಂದು ಒಂದರ ಮೇಲೊಂದು ಕೇಳಿದೆ. ಅಕ್ಕ ಮೊದಮೊದಲು ಉತ್ತರ ಕೊಟ್ಟಳು. ಆಮೇಲೆ ಜಗುಲಿಯ ತುದಿಯಲ್ಲಿ ಕುಳಿತುಬಿಟ್ಟಳು. ನೋಡಿದರೆ ಅವಳ ಕಣ್ಣು ತುಂಬಿತ್ತು.

'ನಾಳೆ ಅಲ್ಲಿರೋ ಮಕ್ಕಳೂ ನಿನ್ ಥರಾನೇ. ಯಾರೂ ಒಂಟೆ ಕಂಡಿಲ್ಲ, ಮಂಜೂ ಕಂಡಿಲ್ಲ. ಬಾಯಿಪಾಠ ಒಪ್ಪಿಸ್ತವೆ, ಅಷ್ಟೆ. ಪರೀಕ್ಷಕರಿಗೆ ಅದು ಗೊತ್ತಾಗಲ್ವಾ?' ಎಂದಳು. ಅಕ್ಕ ಅಳುವುದನ್ನು ನಾನು ನೋಡಿದ್ದೇ ಕಡಿಮೆ. ನನ್ನ ತರಲೆ ಎಲ್ಲ ಇಳಿದುಹೋಯಿತು. ಅವಳನ್ನು ಹೇಗೆ ಸಮಾಧಾನ ಮಾಡಬೇಕೆಂದು ತಿಳಿಯದೆ ನಾನೂ ಅವಳ ಪಕ್ಕ ಹೋಗಿ ಕುಳಿತೆ.

ಅವಳು ಕಣ್ಣು ಒರೆಸಿಕೊಂಡು ಕೇಳಿದಳು. 'ಹೋಗಲಿ, ನಮ್ಮ ಕೆರೇದು ಹೇಳು. ಮಳೆಗಾಲದಲ್ಲಿ ಅಷ್ಟೊಂದು ಕಪ್ಪೆ ವಟಗುಟ್ತವಲ್ಲ, ಈಗ ಎಲ್ಲಿ ಹೋದ್ವು?'

ಇದು ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಆಕಾಶದ ಕಡೆ ಬೆರಳು ತೋರಿಸಿ, 'ಮ್ಯಾಲವೆ. ಮಳೆ ಜೊತೆ ಬೀಳ್ತವೆ' ಎಂದೆ.

ನಗಬೇಡಿ. ನಮ್ಮೂರಲ್ಲಿ ಹಾಗೆ ನಂಬದವರೇ ಇರಲಿಲ್ಲ. ಸಂಜೆ ಮೊದಲ ಮಳೆ ಬಿದ್ದರೆ ಬೆಳಿಗ್ಗೆ ಕೆರೆಯ ತುಂಬ ದಪ್ಪ ದಪ್ಪ ಕಪ್ಪೆಗಳು ಕೂಗುತ್ತಿದ್ದವು. ಒಂದೇ ದಿನಕ್ಕೆ ಅಷ್ಟು ದೊಡ್ಡವಾಗಿ ಎಲ್ಲಿಂದ ಬರಬೇಕು? ಅಂಗಳದಲ್ಲಿ ರಾಗಿ ಕೇರುತ್ತಿದ್ದ ಅಜ್ಜಿಯಂತೂ ತಾನೇ ಕಣ್ಣಾರೆ ಕಂಡವಳ ಹಾಗೆ, 'ನಮ್ಮನೆ ಹೆಂಚಿನ ಮ್ಯಾಲೆ ದೊಪ್ ಅಂತ ಬಿದ್ದಿತ್ತು ಕಣೇ' ಎಂದಳು. ಗಾಡಿ ಕಟ್ಟುತ್ತಿದ್ದ ಅಪ್ಪನನ್ನು ಕೇಳಿದರೆ ಅವರೂ 'ಇರಬೋದು' ಎಂದರು.

ಅಕ್ಕ ಒಪ್ಪಲಿಲ್ಲ. ಚಳಿ ದೇಶಗಳಲ್ಲಿ ಕೆಲವು ಪ್ರಾಣಿಗಳು ಚಳಿಗಾಲವಿಡೀ ಬಿಲದಲ್ಲಿ ಮಲಗುತ್ತವೆಂದು ಅವಳು ಓದಿದ್ದಳು. ನಮ್ಮ ಕಪ್ಪೆಗಳೂ ಬೇಸಿಗೆಯಲ್ಲಿ ಹಾಗೇ ಮಣ್ಣೊಳಗೆ ಮಲಗಿರಬೇಕು ಎಂದಳು. 'ಮಣ್ಣಾಗೆ ಉಸಿರು ಕಟ್ಟಾಕಿಲ್ವಾ? ಕಪ್ಪೆ ನೀರಿಲ್ದೆ ಬದುಕ್ತದಾ? ಓದಿ ಓದಿ ತಲೆ ಕೆಟ್ಟೈತೆ ನಿಂಗೆ' ಎಂದು ಅಜ್ಜಿ ಮೊರ ಕೊಡವಿದಳು. ಅವಳ ಪುಸ್ತಕದಲ್ಲಿ ನಮ್ಮ ಕೆರೆಯ ಕಪ್ಪೆಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆಗ ಊರಿನವರೆಲ್ಲ ಕೆರೆಗೋಡು ಹೊಡೆಯುವ ಕಾಲ. ಗೋಡು ಎಂದರೆ ಕೆರೆಯ ತಳದಲ್ಲಿ ಕುಳಿತ ಹೂಳುಮಣ್ಣು. ಕೆರೆ ಒಣಗಿದಾಗ ಅದನ್ನು ಅಗೆದು ಗಾಡಿಯಲ್ಲಿ ತುಂಬಿಕೊಂಡು ಹೋಗಿ ಹೊಲಕ್ಕೆ, ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಕೆರೆಯ ಹೊಟ್ಟೆಯೂ ಹಗುರಾಗುತ್ತಿತ್ತು, ತೆಂಗಿಗೂ ಊಟವಾಗುತ್ತಿತ್ತು. ಅಪ್ಪ ಆ ದಿನ ಮೊದಲ ಗಾಡಿ ತೋಟಕ್ಕೆ ಸುರಿದು ಬರುವಾಗ ಅಜ್ಜಿಗಾಗಿ ಜಿಗುಟಾದ ದೊಡ್ಡ ದೊಡ್ಡ ಹೆಂಟೆಗಳನ್ನು ಆರಿಸಿ ತಂದಿದ್ದರು. ಯುಗಾದಿಗೆ ಹೊಸ ಒಲೆ ಹಾಕುವುದು ಅಜ್ಜಿಯ ಪದ್ಧತಿ. ಅದಕ್ಕೆ ಕೆರೆಯ ಮಣ್ಣೇ ಆಗಬೇಕು. ಬೇರೆ ಮಣ್ಣಿನ ಒಲೆ ಬಿರುಕು ಬಿಡುತ್ತದೆಂದು ಅವಳ ವಾದ.

ಅಜ್ಜಿ ಹೆಂಟೆಗಳನ್ನು ಅಂಗಳದ ಕಲ್ಲುಬಾನಿಗೆ ಹಾಕಿ, ಮೇಲೆ ಕೊಡಗಟ್ಟಲೆ ನೀರು ಸುರಿದು ನೆನೆಯಲು ಬಿಟ್ಟಳು. ಎಲ್ಲರೂ ಮುದ್ದೆ, ಹುರುಳಿಕಾಳಿನ ಸಾರು ಉಂಡೆವು. ಅಕ್ಕ ಸರಿಯಾಗಿ ಉಣ್ಣಲಿಲ್ಲ. ಊಟವಾದ ಮೇಲೆ ಅಜ್ಜಿ ಸೀರೆ ಎತ್ತಿಕಟ್ಟಿ, ಬಳೆ ಮೇಲೇರಿಸಿ, ಮಣ್ಣು ಕಲೆಸಲು ಮೊಳಕೈವರೆಗೂ ಕೈ ಹಾಕಿದಳು. ಹಾಕಿದವಳೇ ಕಿಟಾರನೆ ಕಿರುಚಿದಳು.

'ಅಯ್ಯಯ್ಯೋ, ಬನ್ರೋ! ಮಣ್ಣು ಒದೀತೈತೆ ಕಣ್ರೋ!'

ಅಪ್ಪ, ಅವ್ವ, ಅಕ್ಕ, ನಾನು ಎಲ್ಲರೂ ಓಡಿದೆವು. ಬಾನಿಯ ಕೆಸರು ಒಂದು ಕಡೆ ಮೆಲ್ಲಗೆ ಉಬ್ಬಿತು. ಉಬ್ಬಿದ್ದು ಇಬ್ಭಾಗವಾಯಿತು. ಒಳಗಿನಿಂದ ಮೊದಲು ಎರಡು ಕಣ್ಣು ಬಂದವು, ಆಮೇಲೆ ಮೈಯೆಲ್ಲ ಕೆಸರು ಮೆತ್ತಿದ ದಪ್ಪ ಕಪ್ಪೆಯೊಂದು ಬಂತು. ಅದು ಬಾನಿಯ ಅಂಚಿನ ಮೇಲೆ ಕುಳಿತು, ಬಿಸಿಲಿಗೆ ಕಣ್ಣು ಪಿಳುಕಿಸಿ, ನಮ್ಮನ್ನೆಲ್ಲ ಒಮ್ಮೆ ನೋಡಿ, ಬೆರಣಿ ರಾಶಿಯ ಕಡೆ ನೆಗೆಯಿತು.

'ಇದ್ಯಾವಾಗ ಬಿತ್ತು?' ಎಂದು ಅಜ್ಜಿ ತಲೆಯೆತ್ತಿ ಆಕಾಶ ನೋಡಿದಳು. ಮೋಡದ ಚೂರೂ ಇರಲಿಲ್ಲ.

'ಬಿದ್ದಿಲ್ಲ ಅಜ್ಜಿ, ಎದ್ದೈತೆ!' ಎಂದಳು ಅಕ್ಕ. ಬೆಳಿಗ್ಗೆ ಅತ್ತಿದ್ದ ಮುಖವೇ ಇದು ಎಂದು ನಂಬುವ ಹಾಗಿರಲಿಲ್ಲ. 'ಅಪ್ಪಾ, ಗಾಡಿ ಹೊರಡಿಸು. ನಂಗೆ ಇಂಥದ್ದೇ ಇನ್ನೊಂದು ಬೇಕು. ನಿದ್ದೆ ಮಾಡ್ತಿರೋದೇ ಬೇಕು.'

ಅಪ್ಪನ ಹಿಂದೆ ಗಾಡಿಯಲ್ಲಿ ನಿಂತುಕೊಂಡು ನಾವು ಕೆರೆಯ ಅಂಗಳಕ್ಕೆ ಇಳಿದೆವು. ಬಿಸಿಲು ಕಣ್ಣು ಬಿಡಲು ಬಿಡುತ್ತಿರಲಿಲ್ಲ. ಮೇಲಿನ ಮಣ್ಣು ಒಣಗಿ ಚಕ್ಕೆ ಚಕ್ಕೆಯಾಗಿ ಎದ್ದು, ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಅಗೆದ ಗುಂಡಿಗೆ ಇಳಿದರೆ ಬೇರೆಯೇ ಲೋಕ. ಅಲ್ಲಿ ಮಣ್ಣು ಕಪ್ಪಗೆ, ತಣ್ಣಗೆ ಇತ್ತು. ಹೊಸ ಮಡಕೆಗೆ ನೀರು ತುಂಬಿದಾಗ ಬರುವಂಥ ವಾಸನೆ ಬರುತ್ತಿತ್ತು. ನಾನು ಕೆನ್ನೆಯನ್ನು ಗುಂಡಿಯ ಗೋಡೆಗೆ ಒತ್ತಿಕೊಂಡು ನಿಂತೆ.

ಅಪ್ಪ ಹಾರೆ ಬದಿಗಿಟ್ಟು, ಗುದ್ದಲಿಯಿಂದ ಮಣ್ಣನ್ನು ತೆಳ್ಳಗೆ ಸೀಳುತ್ತಾ ಹೋದರು. ಪಕ್ಕದ ಗುಂಡಿಯಲ್ಲಿ ಗೋಡು ತುಂಬುತ್ತಿದ್ದವರು, 'ಏನ್ಲಾ, ನಿಧಿ ಹುಡುಕ್ತಿದೀಯಾ?' ಎಂದು ನಕ್ಕರು. ಅಪ್ಪ ತಲೆ ಎತ್ತಲಿಲ್ಲ. ಆ ಹೊತ್ತಿಗೆ ಅವರು ಇನ್ನೆರಡು ಗಾಡಿ ಮಣ್ಣು ಸಾಗಿಸಬೇಕಾಗಿತ್ತು, ಅದನ್ನೂ ಬಿಟ್ಟು ಮಗಳಿಗಾಗಿ ಅಗೆಯುತ್ತಿದ್ದರು. ಮೊದಲು ಸಿಕ್ಕಿದ್ದು ಬಸವನಹುಳುಗಳು. ಒಂದೊಂದೂ ಚಿಪ್ಪಿನ ಬಾಯಿಗೆ ಗಟ್ಟಿ ಮುಚ್ಚಳ ಹಾಕಿಕೊಂಡು ಒಳಗೆ ಕುಳಿತಿತ್ತು. ನಾನು ಉಗುರಿನಿಂದ ತೆಗೆಯಲು ನೋಡಿದೆ, ಆಗಲಿಲ್ಲ. 'ನೋಡು, ಒದ್ದೆ ಹೊರಗೆ ಹೋಗದ ಹಂಗೆ ಬಾಗಿಲು ಹಾಕ್ಕೊಂಡಿದೆ' ಎಂದು ಅಕ್ಕ ಎರಡನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಹೊತ್ತು ವಾಲುತ್ತಿರುವಾಗ ಅಪ್ಪನ ಗುದ್ದಲಿಗೆ ಒಂದು ಹೆಂಟೆ ಎರಡು ಹೋಳಾಗಿ ಬಾಯಿ ಬಿಟ್ಟಿತು. ಒಳಗೆ ಬಟ್ಟಲಿನ ಹಾಗೆ ನುಣ್ಣಗಿನ ಒಂದು ಗೂಡು. ಗೂಡಿನೊಳಗೆ ಕಪ್ಪೆ. ತಲೆ ತಗ್ಗಿಸಿ, ಕೈಕಾಲು ಹೊಟ್ಟೆಗೆ ಎಳೆದುಕೊಂಡು, ಚಳಿಗೆ ಕಂಬಳಿ ಹೊದ್ದು ಮುದುಡಿದ ಅಜ್ಜಿಯ ಹಾಗೆ ಕುಳಿತಿತ್ತು. ಕಣ್ಣು ಮುಚ್ಚಿತ್ತು. ನಾನು ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದೆ, ಅಲುಗಲಿಲ್ಲ. ಬೆರಳಿನಿಂದ ಮುಟ್ಟಿದೆ, ಆಗಲೂ ಅಲುಗಲಿಲ್ಲ.

'ಸತ್ತೋಗೈತೆ ಬಿಡವ್ವ' ಎಂದರು ಅಪ್ಪ.

ಅಕ್ಕ ಮಂಡಿಯೂರಿ, ಮೂಗು ಮಣ್ಣಿಗೆ ತಾಗುವಷ್ಟು ಬಗ್ಗಿ, ತುಂಬ ಹೊತ್ತು ನೋಡಿದಳು. 'ಇಲ್ಲ. ಗಂಟಲು ಒಂಚೂರು ಆಡ್ತಾ ಐತೆ' ಎಂದಳು. ಅಪ್ಪ ನೋಡಿದರು, ಅವರಿಗೆ ಕಾಣಲಿಲ್ಲ. ನಾನು ಉಸಿರು ಬಿಗಿಹಿಡಿದು ನೋಡಿದೆ, ನನಗೂ ಕಾಣಲಿಲ್ಲ. ಆದರೂ ಅಕ್ಕ ಎರಡು ಹೋಳನ್ನೂ ಮೊದಲಿನಂತೆ ಕೂಡಿಸಿ, ಸಂದಿಗೆ ತೇವದ ಮಣ್ಣು ಮೆತ್ತಿ, ಉಸಿರಿಗೆ ಒಂದು ಸಣ್ಣ ಕಿಂಡಿ ಬಿಟ್ಟು, ಅಪ್ಪನ ಟವಲಿನಲ್ಲಿ ಕಟ್ಟಿದಳು.

ಅಂದು ಸಂಜೆ ಅಪ್ಪನಿಗೆ ಚಿಂತೆ ಹತ್ತಿತು. ಪಾಠ ಹೇಗೆ ಶುರುವಾಗಬೇಕು, ಹೇಗೆ ಮುಗಿಯಬೇಕು ಎಂದು ಅಕ್ಕ ಮೊದಲೇ ಬರೆದುಕೊಟ್ಟು ಟ್ರೈನಿಂಗಿನ ಮೇಷ್ಟರ ಒಪ್ಪಿಗೆ ಪಡೆದಿದ್ದಳು. ಅದರಲ್ಲಿ ಒಂಟೆ ಇತ್ತು, ಕರಡಿ ಇತ್ತು, ಕಪ್ಪೆ ಇರಲಿಲ್ಲ. 'ಅಷ್ಟು ಜನರ ಮುಂದೆ ಸತ್ತ ಕಪ್ಪೆ ತೋರಿಸ್ದಂಗಾದ್ರೆ ಏನವ್ವ ಮಾಡ್ತೀಯ?' ಎಂದು ಕೇಳಿದರು.

'ಸತ್ತಿದ್ರೆ ಸತ್ತೈತೆ ಅಂತಾನೇ ಮಕ್ಕಳಿಗೆ ಹೇಳ್ತೀನಪ್ಪ. ಆದ್ರೆ ಬರೀ ಒಂಟೆ ಇಟ್ಕೊಂಡು ಹೋಗಕ್ಕೆ ನಂಗೆ ಮನಸ್ಸಿಲ್ಲ. ಬೆಳಿಗ್ಗೆ ಇವನ ತಲೆಗೇ ಹತ್ತಲಿಲ್ಲ' ಎಂದು ಅಕ್ಕ ನನ್ನ ತಲೆ ಮೊಟಕಿದಳು. ಅಜ್ಜಿ ಒಲೆಗೆ ಮಣ್ಣು ಮೆತ್ತುತ್ತಲೇ, 'ಒಂದೋ ಎರಡೋ ಮಣ್ಣಾಗಿರ್ಬೋದು. ಮಿಕ್ಕವೆಲ್ಲ ಮ್ಯಾಲಿಂದ್ಲೇ' ಎಂದಳು.

ಬೆಳಿಗ್ಗೆ ಬಿಸಿಲೇರುವ ಮೊದಲೇ ಅಪ್ಪ ಗಾಡಿ ಕಟ್ಟಿದರು. ನನ್ನನ್ನೂ ಕರೆದುಕೊಂಡು ಹೋದರು, ಏಕೆಂದರೆ ಹೆಂಟೆಯನ್ನು ಕುಲುಕದ ಹಾಗೆ ಮಡಿಲಲ್ಲಿ ಇಟ್ಟುಕೊಳ್ಳಲು ಒಬ್ಬರು ಬೇಕಾಗಿತ್ತು. ನಾನು ರಾಗಿಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆ. ದಾರಿಯುದ್ದಕ್ಕೂ ಹೊಂಗೆಯ ಮರಗಳು ಹೊಸ ಎಲೆ ಬಿಟ್ಟು ಹೊಳೆಯುತ್ತಿದ್ದವು. ನನಗೆ ಅದರ ಕಡೆ ಗಮನವೇ ಇಲ್ಲ. ಕಿಂಡಿಗೆ ಕಿವಿ ಇಟ್ಟು ಇಟ್ಟು ಕೇಳಿದೆ. ಒಳಗೆ ಸದ್ದಿಲ್ಲ. ಅಕ್ಕ ಎದುರಿಗೆ ಕುಳಿತು ತುಟಿ ಅಲುಗಿಸುತ್ತಾ ಪಾಠ ಹೇಳಿಕೊಳ್ಳುತ್ತಿದ್ದಳು.

ಶಾಲೆ ರೈಲುಹಳಿಯ ಪಕ್ಕದಲ್ಲೇ ಇತ್ತು. ನನ್ನನ್ನು ಮೊದಲ ಸಾಲಿನ ಮಕ್ಕಳ ಜೊತೆ ನೆಲದ ಮೇಲೆ ಕೂರಿಸಿದರು. ಅಪ್ಪ ಕಿಟಕಿಯ ಹೊರಗೆ ನಿಂತರು. ಪರೀಕ್ಷಕರು ವಯಸ್ಸಾದವರು. ಬಿಳಿ ಪಂಚೆ, ಕರಿ ಕೋಟು, ಕಂಕುಳಲ್ಲಿ ಕೊಡೆ. ಹಿಂದೆ ಕುರ್ಚಿಯಲ್ಲಿ ಕುಳಿತು ಪಾಠದ ಬರಹ ನೋಡಿದರು, ಮೇಜಿನ ಮೇಲಿದ್ದ ಹೆಂಟೆಯನ್ನು ನೋಡಿದರು. 'ಒಂಟೆ ಎಲ್ಲಮ್ಮಾ?' ಎಂದರು.

'ಬರುತ್ತೆ ಸಾರ್, ಹಿಂದಿದೆ' ಎಂದಳು ಅಕ್ಕ. ಮಕ್ಕಳೆಲ್ಲ ತಿರುಗಿ ಬಾಗಿಲ ಕಡೆ ನೋಡಿದರು.

ಅಕ್ಕ ನನ್ನನ್ನು ಕೇಳಿದ ಪ್ರಶ್ನೆಯನ್ನೇ ಮಕ್ಕಳನ್ನೂ ಕೇಳಿದಳು. ಬೇಸಿಗೆಯಲ್ಲಿ ಕಪ್ಪೆಗಳು ಎಲ್ಲಿರುತ್ತವೆ? ಹತ್ತಾರು ಕೈ ಮೇಲೆದ್ದವು, ಎಲ್ಲರ ಬೆರಳೂ ಆಕಾಶಕ್ಕೆ. ನನಗೆ ಒಳಗೊಳಗೇ ಸಮಾಧಾನವಾಯಿತು. ಅಕ್ಕ ಅವರನ್ನು ತಪ್ಪು ಎನ್ನಲಿಲ್ಲ. ಹೆಂಟೆಯನ್ನು ಅಗಲ ಬೋಗುಣಿಯಲ್ಲಿಟ್ಟು, ನಿಧಾನವಾಗಿ ನೀರು ಹಾಕಿ, 'ಕಾದು ನೋಡೋಣ' ಎಂದಳು. ಅಷ್ಟರೊಳಗೆ ಬಸವನಹುಳುಗಳು ಕೈಯಿಂದ ಕೈಗೆ ಹೋದವು. ಮುಚ್ಚಳ ಏಕಿದೆ ಎಂದು ಮಕ್ಕಳೇ ಹೇಳಿದರು.

ಆಮೇಲೆ ಅಕ್ಕ ಕೇಳಿದ್ದು ನನಗಿನ್ನೂ ನೆನಪಿದೆ. 'ನಮ್ಮ ಕೆರೆಗೆ ಮತ್ತೆ ಮಳೆ ಬರುತ್ತೆ, ಅದಕ್ಕೆ ಇವು ಮಲಗಿ ಕಾಯುತ್ತವೆ. ಮಳೆಯೇ ಬಾರದ ಜಾಗ ಇದ್ದರೆ? ಅಲ್ಲಿರೋ ಪ್ರಾಣಿ ಏನು ಮಾಡಬೇಕು?' ಒಬ್ಬ ಹುಡುಗ ದೂರ ನಡೆಯಲು ಉದ್ದ ಕಾಲು ಬೇಕು ಎಂದ. ಇನ್ನೊಬ್ಬಳು ಮರಳಲ್ಲಿ ಹೂತುಹೋಗದ ಅಗಲ ಪಾದ ಬೇಕು ಎಂದಳು. ದಾರಿಗೆ ಬುತ್ತಿ ಬೇಕು, ಅದನ್ನು ಮೈಯೊಳಗೇ ಕಟ್ಟಿಕೊಂಡಿರಬೇಕು ಎಂದು ಮತ್ತೊಬ್ಬ. ಅಕ್ಕ ಆಗ ಒಂಟೆಯ ಚಿತ್ರ ಬಿಚ್ಚಿದಳು. 'ಈ ಡುಬ್ಬದಲ್ಲಿರೋದು ಕೊಬ್ಬು, ಅದೇ ಅದರ ಬುತ್ತಿ' ಎಂದಳು. ಮಕ್ಕಳು ಹೋ ಎಂದರು. ತಾವೇ ಮಾಡಿದ ಒಂಟೆ ಎಂಬಂತೆ ಅದನ್ನು ನೋಡಿದರು. ಹಿಂದಿನ ದಿನ ನನ್ನ ತಲೆಗೆ ಹತ್ತದೇ ಇದ್ದದ್ದು ಆಗ ತಾನಾಗಿ ಹತ್ತಿತು. ಕರಡಿಗೂ ಹಾಗೇ ಆಯಿತು. ಬಸ್ತಿಹಳ್ಳಿಯಲ್ಲಿ ಸೋದರಮಾವನ ಮನೆಯಿದ್ದ ಹುಡುಗಿಯೊಬ್ಬಳು ಎದ್ದುನಿಂತು, ಅಲ್ಲಿನ ಬಸದಿಯ ಕತ್ತಲಲ್ಲಿ ಬಾವಲಿಗಳು ಕಂಬಕ್ಕೆ ಡಿಕ್ಕಿ ಹೊಡೆಯದೆ ಹಾರುವುದು ಹೇಗೆ ಎಂದು ತಾನೇ ಪ್ರಶ್ನೆ ಕೇಳಿದಳು. ಅವು ಕೂಗಿ, ಆ ಕೂಗು ಕಂಬಕ್ಕೆ ತಾಗಿ ಹಿಂದಿರುಗುವುದನ್ನು ಕೇಳಿಸಿಕೊಂಡು ದಾರಿ ಹಿಡಿಯುತ್ತವೆ, ಆ ಕೂಗು ನಮ್ಮ ಕಿವಿಗೆ ಕೇಳುವುದಿಲ್ಲ ಎಂದು ಅಕ್ಕ ಹೇಳಿದಳು.

ಎಲ್ಲ ಚೆನ್ನಾಗಿತ್ತು. ಬೋಗುಣಿಯೊಂದು ಬಿಟ್ಟು. ಹೆಂಟೆ ಕರಗಿ ಕರಗಿ ಕೆಸರಾಗಿತ್ತು, ಕೆಸರು ಕೆಸರಾಗಿಯೇ ಇತ್ತು. ನಾನು ರೆಪ್ಪೆ ಬಡಿಯದೆ ನೋಡುತ್ತಿದ್ದೆ. ಎದ್ದೇಳು, ಎದ್ದೇಳು ಎಂದು ಮನಸ್ಸಿನಲ್ಲೇ ಗೋಗರೆಯುತ್ತಿದ್ದೆ. ಗಂಟೆ ಹೊಡೆಯಿತು. ಪರೀಕ್ಷಕರು ಏನೋ ಬರೆದು, ಪೆನ್ನಿಗೆ ಮುಚ್ಚಳ ಹಾಕಿ, ಕೊಡೆ ಎತ್ತಿಕೊಂಡು ಎದ್ದರು. ಆದರೆ ಒಂದು ಮಗುವೂ ಏಳಲಿಲ್ಲ. ಆಟಕ್ಕೆ ಬಿಟ್ಟ ಗಂಟೆ ಅದು! ಬೇರೆ ಕ್ಲಾಸಿನ ಮಕ್ಕಳು ಹೊರಗೆ ಕೇಕೆ ಹಾಕುತ್ತಿದ್ದರೂ ಇವರೆಲ್ಲ ಕತ್ತು ನೀಳಮಾಡಿ ಬೋಗುಣಿಯನ್ನೇ ನೋಡುತ್ತಾ ಕುಳಿತಿದ್ದರು. ಪರೀಕ್ಷಕರು ಬಾಗಿಲವರೆಗೆ ಹೋಗಿ, ನಿಂತು, ಹಿಂದೆ ನೋಡಿದರು. ಮತ್ತೆ ಬಂದು ಮೇಜಿನ ಪಕ್ಕ ನಿಂತುಕೊಂಡರು.

ಆಗ ಬೀರೂರಿನ ಕಡೆ ಹೋಗುವ ರೈಲು ಬಂತು. ಹಳಿ ಪಕ್ಕದಲ್ಲೇ ಇದ್ದದ್ದರಿಂದ ನೆಲ ಗಡಗಡ ಎಂದಿತು. ಕಿಟಕಿಯ ಬಾಗಿಲುಗಳು ಅದುರಿದವು, ಮೇಜು ನಡುಗಿತು, ಬೋಗುಣಿಯ ನೀರಿನ ಮೇಲೆ ಸಣ್ಣ ಸಣ್ಣ ಸುತ್ತುಗಳು ಎದ್ದವು. ಕೆಸರು ಒಂದು ಕಡೆ ಉಬ್ಬಿತು. ಉಬ್ಬಿದ್ದು ಇಬ್ಭಾಗವಾಯಿತು. ಎರಡು ಕಣ್ಣು ಮೇಲೆ ಬಂದವು.

ಕ್ಲಾಸಿನಲ್ಲಿ ಎದ್ದ ಕೂಗಿಗೆ ರೈಲಿನ ಸದ್ದೇ ಮುಳುಗಿಹೋಯಿತು. ಕಿಟಕಿಯ ಹೊರಗಿದ್ದ ಅಪ್ಪ ಎರಡೂ ಕೈಯಲ್ಲಿ ಸರಳು ಹಿಡಿದು, ಚಿಕ್ಕ ಮಗುವಿನಂತೆ ಹಲ್ಲು ಬಿಟ್ಟು ನಗುತ್ತಿದ್ದರು. ಅಕ್ಕ ಮಾತ್ರ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಳು.

ಪರೀಕ್ಷಕರು ಕೋಟಿಗೆ ಕೆಸರು ಹತ್ತುವುದನ್ನೂ ಲೆಕ್ಕಿಸದೆ ಬೋಗುಣಿಯ ಮೇಲೆ ಬಗ್ಗಿದರು. 'ಇದನ್ನ ಎಬ್ಬಿಸಿದ್ದು ನೀರೋ, ರೈಲೋ?' ಎಂದು ಕೇಳಿದರು.

'ಗೊತ್ತಿಲ್ಲ ಸಾರ್' ಎಂದಳು ಅಕ್ಕ.

ಇಷ್ಟೆಲ್ಲ ಆಗಿ, ಪರೀಕ್ಷಕರ ಎದುರಿಗೇ ಗೊತ್ತಿಲ್ಲ ಎನ್ನುವುದೇ? ಯಾವುದಾದರೂ ಒಂದನ್ನು ಹೇಳಬಾರದಿತ್ತೇ? ಆದರೆ ಅಕ್ಕ ಮುಂದುವರಿದಳು. 'ರೈಲಿನ ಅದುರು ಗುಡುಗಿನ ಥರ ಇತ್ತು, ಅದಕ್ಕೂ ಎದ್ದಿರಬಹುದು. ನೀರಿಗೂ ಎದ್ದಿರಬಹುದು. ಒಂದೇ ಸಲ ನೋಡಿ ಹೇಳಕ್ಕಾಗಲ್ಲ ಸಾರ್. ಇನ್ನೊಂದನ್ನ ತಂದು, ನೀರು ಹಾಕದೆ ರೈಲಿಗೆ ಕಾದು ನೋಡಬೇಕು.'

ಪರೀಕ್ಷಕರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. 'ಅದು ನಾನು ಹೋಗಬೇಕಾದ ರೈಲು ಕಣಮ್ಮ. ನೀನು ತಪ್ಪಿಸಿಬಿಟ್ಟೆ' ಎಂದರು. ಅಷ್ಟು ಹೇಳಿ ಮಕ್ಕಳ ಸಾಲಿನಲ್ಲಿ, ನನ್ನ ಪಕ್ಕದಲ್ಲೇ ನೆಲಕ್ಕೆ ಕುಳಿತು, ಇನ್ನಷ್ಟು ಹೊತ್ತು ಆ ಕಪ್ಪೆಯನ್ನು ನೋಡಿದರು. ಆಗಲೇ ನನಗೆ ಅಕ್ಕ ಪಾಸಾದಳೆಂದು ಖಾತ್ರಿಯಾಯಿತು. ಮುಂದೆ ಫಲಿತಾಂಶವೂ ಹಾಗೇ ಬಂತು.

ಮನೆಗೆ ಹಿಂದಿರುಗುವಾಗ ಅಕ್ಕನಿಗೆ ಕಪ್ಪೆಯದೇ ಯೋಚನೆ. ಇನ್ನೂ ಮಳೆಗೆ ದಿನಗಳಿವೆ, ಕೆರೆ ಒಣಗಿದೆ, ಎಬ್ಬಿಸಿದ ತಪ್ಪಿಗೆ ಇದು ಸಾಯಬಾರದು ಎಂದಳು. ಅಪ್ಪ ಗಾಡಿಯನ್ನು ನೇರವಾಗಿ ತೋಟಕ್ಕೆ ಹೊಡೆದರು. ಎತ್ತು ಕಟ್ಟಿ ಬಾವಿಯಿಂದ ಎಳೆಸುವ ಕಪಿಲೆಯ ನೀರು ಹರಿಯುವ ಕಾಲುವೆಯ ಪಕ್ಕ, ಕೆಸವಿನ ಎಲೆಗಳ ನೆರಳಲ್ಲಿ ಅದನ್ನು ಬಿಟ್ಟೆವು. ಅಜ್ಜಿಯ ಬಾನಿಯಿಂದ ಎದ್ದಿದ್ದು ಬಚ್ಚಲ ಹಿಂದಿನ ಬಾಳೆಗಿಡದ ಬುಡದಲ್ಲಿ ಉಳಿದುಕೊಂಡಿತು. ಮಳೆಗಾಲದಲ್ಲಿ ಅದು ಕೂಗಿದಾಗಲೆಲ್ಲ ಅಜ್ಜಿ, 'ನೋಡು, ನಮ್ಮ ಟೀಚರಮ್ಮನ ಕಪ್ಪೆ' ಎನ್ನುತ್ತಿದ್ದಳು. ಗಂಡಿನ ಕಡೆಯವರ ಸುದ್ದಿಯನ್ನು ಕೆಲವು ವರ್ಷ ಎತ್ತಲೇ ಇಲ್ಲ.

ಅಕ್ಕ ಅರಸೀಕೆರೆ ಸುತ್ತಿನ ಊರುಗಳಲ್ಲಿ ಬಹಳ ಕಾಲ ಟೀಚರಾಗಿದ್ದಳು. ಈಗ ಹಾರನಹಳ್ಳಿಯಲ್ಲಿದ್ದಾಳೆ. ಅವಳೇ ನಿಮ್ಮ ದೊಡ್ಡಜ್ಜಿ.

ನಿಮ್ಮ ಕಾಲ ಬೇರೆ, ಮಕ್ಕಳೇ. ಈಗ ಗೋಡು ತೆಗೆಯಲು ಜೆಸಿಬಿ ಬರುತ್ತದೆ, ಟಿಪ್ಪರಿನಲ್ಲಿ ಮಣ್ಣು ಹೋಗುತ್ತದೆ. ಒಲೆಗೆ ಮಣ್ಣು ಯಾರಿಗೂ ಬೇಡ. ಒಂಟೆ, ಬಿಳಿ ಕರಡಿ, ಸಮುದ್ರದ ತಳದಲ್ಲಿ ದೀಪ ಹಚ್ಚಿಕೊಂಡು ಈಜುವ ಮೀನು ಎಲ್ಲವೂ ನಿಮ್ಮ ಫೋನಿನೊಳಗೆ ಓಡಾಡುತ್ತವೆ. ಕಪ್ಪೆಗಳು ಆಕಾಶದಿಂದ ಬೀಳುತ್ತವೆಂದರೆ ನಿಮ್ಮಲ್ಲಿ ಒಬ್ಬರೂ ನಂಬುವುದಿಲ್ಲ. ನಾನು ಆ ವಯಸ್ಸಿನಲ್ಲಿ ಎಷ್ಟು ದಡ್ಡನಿದ್ದೆ ಎಂದು ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ನನಗೆ ನಿಮ್ಮನ್ನು ಕಂಡರೆ ಸಂತೋಷವೇ ಆಗುತ್ತದೆ.

ಈ ಕತೆಯನ್ನು ಹೋದ ಬೇಸಿಗೆಯಲ್ಲಿ ನಿಮ್ಮಲ್ಲಿ ಚಿಕ್ಕವಳಿಗೆ ಹೇಳಿದ್ದೆ. ಕೇಳಿ ಮುಗಿಸಿದವಳೇ, 'ಹಾಗಾದ್ರೆ ನೀರೋ ರೈಲೋ ಅಂತ ಆಮೇಲೆ ನೋಡಿದ್ರಾ?' ಎಂದಳು. ಇಲ್ಲ, ನೋಡಲೇ ಇಲ್ಲ. ಅವಳು ಬಿಡಲಿಲ್ಲ. ಅಕ್ಕನನ್ನೂ ಕರೆಸಿಕೊಂಡು ನಾವು ಮೂವರೂ ಒಣಗಿದ ಕೆರೆಗೆ ಇಳಿದೆವು. ಮೊಮ್ಮಗಳು ತನ್ನ ಅಮ್ಮನ ಫೋನನ್ನು ಬಿರುಕುಬಿಟ್ಟ ನೆಲದ ಮೇಲೆ ಬೋರಲು ಇಟ್ಟು, ಅದರಲ್ಲಿ ಗುಡುಗಿನ ಸದ್ದು ಹಾಕಿದಳು. ಸುಡುವ ಬಿಸಿಲಲ್ಲಿ ಫೋನು ಗುಡುಗಿತು. ನಾವು ಕಾದೆವು. ಮೇಯುತ್ತಿದ್ದ ಮೇಕೆಯೊಂದು ತಲೆಯೆತ್ತಿ ನೋಡಿತು, ಮತ್ತೇನೂ ಆಗಲಿಲ್ಲ.

'ಇದು ಸುಳ್ಳು ಗುಡುಗು ಅಂತ ಕಪ್ಪೆಗಳಿಗೆ ಗೊತ್ತಾಯ್ತು ಅನ್ಸುತ್ತೆ ದೊಡ್ಡಜ್ಜಿ' ಎಂದಳು ಮೊಮ್ಮಗಳು.

'ಇರಬೋದು ಮಗಾ. ಇಲ್ಲಾ ನಿನ್ನ ಫೋನಿನ ದನಿ ಅಷ್ಟು ಕೆಳಗೆ ಮುಟ್ಟಿಲ್ದೇ ಇರಬೋದು. ಎರಡರಲ್ಲಿ ಯಾವುದು ಅಂತ ಹೆಂಗೆ ಕಂಡುಹಿಡೀತೀಯ?' ಎಂದಳು ಅಕ್ಕ. ಅಷ್ಟು ವಯಸ್ಸಾದ ಮೇಲೂ ಅವಳ ದನಿ ಆ ಬಾಣಾವರದ ಕ್ಲಾಸಿನಲ್ಲಿದ್ದ ಹಾಗೇ ಇತ್ತು.

ಮೊಮ್ಮಗಳು ಫೋನನ್ನು ನನ್ನ ಕೈಗೆ ಕೊಟ್ಟು, 'ಅಜ್ಜಾ, ನೀನು ಸದ್ದು ಹಾಕ್ತಾ ಇರು, ಮಣ್ಣೊಳಗೆ ಕೇಳುತ್ತಾ ನೋಡ್ತೀನಿ' ಎಂದು ಹೇಳಿ, ಹೊಸ ಫ್ರಾಕಿನಲ್ಲೇ ಕೆರೆಯ ಮಣ್ಣಿನ ಮೇಲೆ ಉದ್ದಕ್ಕೆ ಮಲಗಿ, ನೆಲಕ್ಕೆ ಕಿವಿ ಕೊಟ್ಟಳು.